ಡಬ್ಬದ ಮೇಲೆ 60, ರಸ್ತೆ ಮೇಲೆ ಎಷ್ಟು?

ಎಲೆಕ್ಟ್ರಿಕ್ ಸೈಕಲ್ ಬಂದ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ '60 ಕಿ.ಮೀ.' ಅಂತ ಬರೆದಿತ್ತು, ಅಂದರೆ ಒಂದು ಚಾರ್ಜಿಗೆ ಅಷ್ಟು ಓಡುತ್ತೆ ಅಂತ. ಪಕ್ಕದಲ್ಲಿ ಒಂದು ಪುಟ್ಟ ನಕ್ಷತ್ರ. ಆ ನಕ್ಷತ್ರದ ಅರ್ಥ ಹುಡುಕಿದರೆ ಡಬ್ಬದ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಸವಾರರ ತೂಕ, ರಸ್ತೆ, ಗಾಳಿ ನೋಡಿಕೊಂಡು ವ್ಯತ್ಯಾಸ ಆಗಬಹುದು ಅಂತ. ಅಂದರೆ ಏನೂ ಹೇಳಿಲ್ಲ ಅಂತಲೇ ಲೆಕ್ಕ. ಆರು ತಿಂಗಳು ಮೈಸೂರಿನಲ್ಲಿ ಮನೆಗೂ ಆಫೀಸಿಗೂ ಓಡಿಸಿದೆ, ದಿನಕ್ಕೆ 14 ಕಿ.ಮೀ. ಆದರೂ ಒಂದು ಚಾರ್ಜಿಗೆ ಎಷ್ಟು ಓಡುತ್ತೆ ಅಂತ ಯಾರಾದರೂ ಕೇಳಿದರೆ ಉತ್ತರ ಇರಲಿಲ್ಲ. ಪರದೆ ಮೇಲೆ ಎರಡು ಕಡ್ಡಿ ಉಳಿದ ಕೂಡಲೇ ಹೆದರಿ ಚಾರ್ಜಿಗೆ ಹಾಕ್ತಿದ್ದೆ.

ಡಿಸೆಂಬರ್ ಕೊನೆಗೆ ಮೂರು ದಿನ ರಜೆ ಸಿಕ್ಕಿತು. ಮೈಸೂರು, ಮೇಲುಕೋಟೆ, ಶ್ರವಣಬೆಳಗೊಳ, ವಾಪಸ್ ಮೈಸೂರು. ಬ್ಯಾಟರಿ ಸಾಯುವವರೆಗೂ ಓಡಿಸೋದು, ಎಲ್ಲಿ ಸಾಯುತ್ತೋ ಅಲ್ಲಿ ಕಿಲೋಮೀಟರ್ ಬರೆದುಕೊಳ್ಳೋದು. ಇಷ್ಟೇ ಯೋಜನೆ.

ಸೈಕಲ್ಲಿನ ಜಾತಕ ಒಂದು ಸಲ ಹೇಳಿಬಿಡುತ್ತೇನೆ. ಬ್ಯಾಟರಿ 36 ವೋಲ್ಟ್, 10.4 ಆಂಪಿಯರ್ ಅವರ್. ಗುಣಿಸಿದರೆ 374 ವ್ಯಾಟ್ ಅವರ್, ಅಂದರೆ ಬ್ಯಾಟರಿಯಲ್ಲಿ ಹಿಡಿಯುವ ಒಟ್ಟು ಶಕ್ತಿ. ಮೋಟಾರು 250 ವ್ಯಾಟ್, ಹಿಂದಿನ ಚಕ್ರದ ನಡುವಿನ ಹಬ್‌ನಲ್ಲೇ ಕೂತಿದೆ. 25 ಕಿ.ಮೀ. ವೇಗ ಬಂದರೆ ಮೋಟಾರು ಕೈಬಿಡುತ್ತದೆ, ಆಮೇಲೆ ಬರೀ ಕಾಲು. ಇಷ್ಟಕ್ಕೇ ನಿಲ್ಲುವುದರಿಂದ ಲೈಸೆನ್ಸು, ನಂಬರ್ ಪ್ಲೇಟು ಬೇಡ. ಪೆಡಲ್ ತುಳಿದರೆ ಮೋಟಾರು ಸಹಾಯ ಮಾಡುತ್ತದೆ, ಎಷ್ಟು ಸಹಾಯ ಬೇಕು ಅನ್ನೋದಕ್ಕೆ ಐದು ಹಂತ, ಒಂದು ಅಂದರೆ ಕಮ್ಮಿ, ಐದು ಅಂದರೆ ಜಾಸ್ತಿ. ಸೈಕಲ್ 24 ಕೆ.ಜಿ., ನಾನು 78, ಬ್ಯಾಗು ಮತ್ತು ಚಾರ್ಜರು 7.

ಮೊದಲ ದಿನ: ಮೇಲುಕೋಟೆಗೆ ನಾಲ್ಕು ಕಿಲೋಮೀಟರ್ ಕಮ್ಮಿ

ಬೆಳಿಗ್ಗೆ ಆರಕ್ಕೆ ಹೊರಟೆ. ಹೊರಡುವ ಮುಂಚೆ ವೋಲ್ಟ್ ನೋಡಿದರೆ 41.8, ಅಂದರೆ ಹೆಚ್ಚು ಕಮ್ಮಿ ಫುಲ್. ಟೈರಿಗೆ ಹಿಂದಿನ ರಾತ್ರಿಯೇ ಗಟ್ಟಿಯಾಗಿ ಗಾಳಿ ತುಂಬಿಸಿದ್ದೆ. ಟೈರು ಮೆತ್ತಗಿದ್ದರೆ ಬ್ಯಾಟರಿ ಹೇಗೆ ಖಾಲಿಯಾಗುತ್ತೆ ಅನ್ನೋದು ಆಫೀಸಿನ ದಾರಿಯಲ್ಲೇ ಕಲಿತಿದ್ದ ಪಾಠ.

ಹೊಸ ಬೆಂಗಳೂರು ಹೈವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ನಮ್ಮಂಥವರಿಗೆ ಪ್ರವೇಶ ಇಲ್ಲ. ಬೈಕು, ಆಟೋ, ಟ್ರ್ಯಾಕ್ಟರ್, ಸೈಕಲ್ ಎಲ್ಲ ಹಳೇ ರಸ್ತೆ, ಸರ್ವಿಸ್ ರೋಡು ಹಿಡಿಯಬೇಕು. ನನಗೇನೂ ಬೇಜಾರಿಲ್ಲ. ಸರ್ವಿಸ್ ರೋಡಿನಲ್ಲೇ ಟೀ ಅಂಗಡಿ ಇರೋದು. ಶ್ರೀರಂಗಪಟ್ಟಣದ ಸೇತುವೆ ಮೇಲೆ ಬಂದಾಗ ಕಾವೇರಿ ಕಾಣಲೇ ಇಲ್ಲ, ಅಷ್ಟು ಮಂಜು. ನೀರಿನ ಸದ್ದು ಮಾತ್ರ ಕೆಳಗೆ. ಕನ್ನಡಕ ಒರೆಸಿ ಒರೆಸಿ ಸಾಕಾಗಿ ಒಂದು ಸಣ್ಣ ಹೋಟೆಲಿಗೆ ನುಗ್ಗಿ ಎರಡು ತಟ್ಟೆ ಇಡ್ಲಿ ತಿಂದೆ. ಬೆಣ್ಣೆ ಇಡ್ಲಿ ಮೇಲೆ ಕರಗುವ ಹೊತ್ತಿಗೆ ಬಿಸಿಲು ಬಂತು.

ಪಾಂಡವಪುರದ ಕಡೆ ತಿರುಗಿದ ಮೇಲೆ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಒಂದು ಟ್ರ್ಯಾಕ್ಟರು ಎರಡು ಟ್ರೈಲರ್ ಎಳಕೊಂಡು ಸುಮಾರು 20ರ ವೇಗದಲ್ಲಿ ಹೋಗ್ತಿತ್ತು. ಅದರ ಹಿಂದೆ ಸೇರಿಕೊಂಡೆ. ಗಾಳಿಗೆ ಅದೇ ಅಡ್ಡ, ಮೋಟಾರಿಗೆ ಕೆಲಸವೇ ಇಲ್ಲ! ಎರಡು ಕಿಲೋಮೀಟರ್ ಪುಕ್ಕಟೆ ಸವಾರಿ. ಸಂತೋಷ ಜಾಸ್ತಿ ಹೊತ್ತು ಉಳಿಯಲಿಲ್ಲ. ಒಂದು ಗುಂಡಿಗೆ ಟ್ರೈಲರ್ ಎದ್ದು ಬಿದ್ದಾಗ ಆಳುದ್ದದ ಕಬ್ಬಿನ ಜಲ್ಲೆ ಸರಕ್ಕನೆ ಜಾರಿ ನನ್ನ ಮುಂದಿನ ಚಕ್ರದ ಪಕ್ಕದಲ್ಲೇ ಬಿತ್ತು. ಆಮೇಲೆ ಬ್ಯಾಟರಿ ಹೋದರೆ ಹೋಗಲಿ ಅಂತ ದೂರವೇ ಇದ್ದೆ. ಜಲ್ಲೆಯನ್ನು ಮಾತ್ರ ಬಿಡಲಿಲ್ಲ, ಮುರಿದು ಬ್ಯಾಗಿಗೆ ಕಟ್ಟಿಕೊಂಡೆ.

ಪಾಂಡವಪುರ ದಾಟಿ ಸ್ವಲ್ಪ ದೂರದಲ್ಲಿ ಒಂದು ಆಲೆಮನೆ. ವಾಸನೆಗೇ ಸೈಕಲ್ ನಿಂತಿತು. ದೊಡ್ಡ ಕೊಪ್ಪರಿಗೆಯಲ್ಲಿ ಪಾಕ ಕುದೀತಾ ಇತ್ತು. ಒಬ್ಬರು ಉದ್ದ ಹಿಡಿಯ ಗುದ್ದಲಿಯಂಥ ಕೋಲಿನಲ್ಲಿ ಕೆದಕುತ್ತಿದ್ದರು. ಎಲೆ ಮೇಲೆ ಒಂದು ಮುಷ್ಟಿ ಬಿಸಿ ಬೆಲ್ಲ ಹಾಕಿ ಕೊಟ್ಟು, ಸೈಕಲ್ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಇದ್ಕೆ ಕರೆಂಟ್ ಎಷ್ಟ್ ತಿಂತದೆ?"

"ಒಂದ್ ಸಲ ಫುಲ್ ಮಾಡೋಕೆ ಅರ್ಧ ಯೂನಿಟ್ಟೂ ಇಲ್ಲ ಯಜಮಾನ್ರೇ."

"ಅರ್ಧ ಯೂನಿಟ್ಟಾ!" ಅಂತ ಒಳಗಿದ್ದ ಗಾಣದ ಮೋಟಾರ್ ಕಡೆ ಒಮ್ಮೆ ನೋಡಿದರು. "ನಮ್ದು ಮುಕ್ಕಳಿಸಿ ಉಗುದ್ರೇ ಅಷ್ಟಾಯ್ತದೆ."

ಬೆಲ್ಲ ತಿಂದ ಉತ್ಸಾಹಕ್ಕೆ ದಾರಿ ಬಿಟ್ಟು ಒಳಗೆ ಕೆರೆ ತೊಣ್ಣೂರಿಗೂ ಹೋಗಿ ಬಂದೆ. ಮೇಲುಕೋಟೆಗೆ ಹೋಗುವ ಮೊದಲು ರಾಮಾನುಜರು ಇಲ್ಲಿದ್ದರು ಅಂತ ಊರಿನವರ ನಂಬಿಕೆ. ಬೆಟ್ಟದ ಬಂಡೆಗಳ ನಡುವೆ ಕೂತ ಕೆರೆ, ನೀರು ಎಷ್ಟು ತಿಳಿ ಅಂದ್ರೆ ದಡದ ಹತ್ತಿರ ತಳದ ಕಲ್ಲು ಎಣಿಸಬಹುದು. ಅಲ್ಲಿ ಅರ್ಧ ಗಂಟೆ ಕೂತಿದ್ದು ತಪ್ಪಾಯ್ತು ಅಂತ ಆಮೇಲೆ ಅನಿಸಿತು. ಬಿಸಿಲು ಏರಿತ್ತು, ಒಳದಾರಿಯ ಕಿಲೋಮೀಟರುಗಳೂ ಬ್ಯಾಟರಿಯದೇ ಖರ್ಚು.

ಈ ಕಡ್ಡಿಗಳ ಬಗ್ಗೆ ಹೇಳಲೇಬೇಕು. ಪರದೆ ಮೇಲಿನ ಐದು ಕಡ್ಡಿ ಶುದ್ಧ ಸುಳ್ಳುಬುರುಕ. ಏರಿನಲ್ಲಿ ಮೋಟಾರು ಜೋರಾಗಿ ಎಳೆದಾಗ ವೋಲ್ಟ್ ಕುಸಿಯುತ್ತೆ, ಎರಡೇ ಕಡ್ಡಿ ತೋರಿಸುತ್ತೆ. ಎದೆ ಧಸಕ್. ಏರು ಮುಗಿದರೆ ಮತ್ತೆ ನಾಲ್ಕು. ಅದಕ್ಕೇ ನಾನು ಪರದೆಯನ್ನು ವೋಲ್ಟ್ ತೋರಿಸುವ ಹಾಗೆ ಬದಲಾಯಿಸಿಕೊಂಡೆ. ಸಮತಟ್ಟು ಜಾಗದಲ್ಲಿ, ಪೆಡಲ್ ನಿಲ್ಲಿಸಿ, ಒಂದು ನಿಮಿಷ ಬಿಟ್ಟು ನೋಡಿದ ಅಂಕಿಯೇ ನಿಜ. ತುಂಬಿದ್ದಾಗ 42, ಪೂರ್ತಿ ಮುಗಿದಾಗ 31ರ ಹತ್ತಿರ. ನಡುವೆ 36ರ ವರೆಗೂ ನಿಧಾನವಾಗಿ ಇಳಿಯುತ್ತೆ. 35 ದಾಟಿದ ಮೇಲೆ ತೂತು ಬಿದ್ದ ಕೊಡ.

ಜಕ್ಕನಹಳ್ಳಿಗೆ ಬಂದಾಗ 35.4. ಅಲ್ಲಿಂದ ಮೇಲುಕೋಟೆಗೆ ಏರು. ಮನೆಯಲ್ಲಿ ಕೂತು ಲೆಕ್ಕ ಹಾಕಿದ್ದೆ: ನಾನು, ಸೈಕಲ್, ಸಾಮಾನು ಸೇರಿ 109 ಕೆ.ಜಿ.ಯನ್ನು 100 ಮೀಟರ್ ಎತ್ತರಕ್ಕೆ ಎತ್ತಲು ಸುಮಾರು 30 ವ್ಯಾಟ್ ಅವರ್ ಬೇಕು. ಮೋಟಾರಿನಲ್ಲಿ ಬಿಸಿಯಾಗಿ ಪೋಲಾಗೋದು ಸೇರಿಸಿದರೆ 40 ಅನ್ನಿ. ಅಂದರೆ ಪ್ರತಿ 100 ಮೀಟರ್ ಏರಿಗೆ ಬ್ಯಾಟರಿಯ ಹತ್ತರಲ್ಲಿ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಮುಂದೆ ಹೋದ ದೂರದ ಖರ್ಚು ಬೇರೆ. ಲೆಕ್ಕ ಸರಿಯಾಗೇ ಇತ್ತು. ಲೆಕ್ಕವನ್ನು ನಂಬದೆ ಮೂರನೇ ಹಂತದಲ್ಲೇ ಹೊರಟಿದ್ದು ನಾನು.

49.8 ಕಿ.ಮೀ.ಗೆ ಮೋಟಾರು ನಿಂತಿತು. ಸದ್ದಿಲ್ಲ, ಎಚ್ಚರಿಕೆ ಇಲ್ಲ, ಯಾರೋ ಹಿಂದಿನಿಂದ ಕ್ಯಾರಿಯರ್ ಹಿಡಿದುಕೊಂಡ ಹಾಗೆ. ಹತ್ತು ನಿಮಿಷ ನೆರಳಲ್ಲಿ ನಿಲ್ಲಿಸಿ ಮತ್ತೆ ಆನ್ ಮಾಡಿದರೆ ಬ್ಯಾಟರಿ ಸ್ವಲ್ಪ ಸುಧಾರಿಸಿಕೊಂಡು 300 ಮೀಟರ್ ಎಳೆಯಿತು, ಮತ್ತೆ ಮಲಗಿತು. ಇದನ್ನು ಎರಡು ಸಲ ಮಾಡಬಹುದು, ಮೂರನೇ ಸಲ ಅದೂ ಇಲ್ಲ. 24 ಕೆ.ಜಿ. ಸೈಕಲನ್ನು ಏರಿನಲ್ಲಿ ತುಳಿದು ನೋಡಿದವರಿಗೆ ಮಾತ್ರ ಗೊತ್ತು. ಇಳಿದು ತಳ್ಳಿದೆ. ಹೆಂಡತಿ ಅದೇ ಹೊತ್ತಿಗೆ ಫೋನ್ ಮಾಡಿ ಎಲ್ಲಿದ್ದೀರಿ ಅಂದಳು. ತಳ್ತಾ ಇದ್ದೀನಿ ಅಂದೆ. "ತಳ್ಕೊಂಡ್ ಹೋಗೋದಕ್ಕೆ ಅಷ್ಟು ದುಡ್ಡು ಕೊಟ್ರಾ?" ಅಂತ ಫೋನ್ ಇಟ್ಟಳು.

ಸ್ವಲ್ಪ ಹೊತ್ತಿಗೆ ಸ್ಪ್ಲೆಂಡರ್ ಮೇಲೆ ಬಂದ ಹುಡುಗ ಪಕ್ಕಕ್ಕೆ ನಿಲ್ಲಿಸಿದ. "ಪೆಟ್ರೋಲ್ ಖಾಲಿಯಾ ಅಣ್ಣ?" ಕರೆಂಟ್ ಖಾಲಿ ಅಂದೆ. ನಗು ತಡೆದುಕೊಂಡು "ಹತ್ಕಳಿ, ಕಾಲು ಕೊಡ್ತೀನಿ" ಅಂದ. ನಮ್ಮ ಕಡೆ ಕೆಟ್ಟ ಬೈಕನ್ನು ಹಿಂದಿನಿಂದ ಕಾಲಿಟ್ಟು ತಳ್ಳಿಕೊಂಡು ಹೋಗ್ತಾರಲ್ಲ, ಹಾಗೆ. ನನ್ನ ಹಿಂದಿನ ಆಕ್ಸಲ್ ಮೇಲೆ ಚಪ್ಪಲಿ ಕಾಲು ಊರಿ ತಳ್ಳಿಯೇಬಿಟ್ಟ. ಸೈಕಲ್ಲಿನಲ್ಲಿ ಇದನ್ನು ಮಾಡಬೇಡಿ, ಒಂದು ತಿರುವಿನಲ್ಲಿ ನಾನು ಚರಂಡಿಗೆ ಹೋಗೋದು ಸ್ವಲ್ಪದರಲ್ಲಿ ತಪ್ಪಿತು. ಆದರೆ ಮೇಲುಕೋಟೆ ಬಂತು. ದಾಖಲೆಗೆ ಬರೆದದ್ದು 49.8. ಹುಡುಗನ ಕಾಲಿನ ಕಿಲೋಮೀಟರು ಸೇರಿಸಿಲ್ಲ.

ರೂಮು ಹಿಡಿದು, ಬಿಸಿಯಾಗಿದ್ದ ಬ್ಯಾಟರಿ ತಣ್ಣಗಾಗಲಿ ಅಂತ ಅರ್ಧ ಗಂಟೆ ಬಿಟ್ಟು ಚಾರ್ಜರ್ ಸಿಕ್ಕಿಸಿದೆ. ಪುಳಿಯೋಗರೆ ತಿಂದೆ, ಎರಡು ಸಲ. ಸಂಜೆ ಯೋಗಾನರಸಿಂಹನ ಬೆಟ್ಟ ಹತ್ತಿ, ಇಳಿದು ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತೆ. ರೂಮಿಗೆ ಬಂದಾಗ ಚಾರ್ಜರಿನ ದೀಪ ಹಸಿರು. ಹಸಿರು ಅಂದರೆ ಫುಲ್. ನೆಮ್ಮದಿಯಾಗಿ ಮಲಗಿದೆ.

ಎರಡನೇ ದಿನ: ಹಸಿರು ದೀಪ, ಹುರುಳಿ ಬಳ್ಳಿ

ಧನುರ್ಮಾಸ. ನಸುಕಿನಲ್ಲೇ ದೇವಸ್ಥಾನದ ಕಡೆಯಿಂದ ಪಾಶುರ ಕೇಳಿಸಿ ಎಚ್ಚರವಾಯ್ತು. ಐದೂವರೆಗೆ ಹೊರಡೋಣ ಅಂತ ಸೈಕಲ್ ಆನ್ ಮಾಡಿದರೆ 33.9 ವೋಲ್ಟ್.

ಮೊದಲು ಪರದೆ ಕೆಟ್ಟಿದೆ ಅಂದುಕೊಂಡೆ. ಆಮೇಲೆ ಬಗ್ಗಿ ನೋಡಿದೆ. ಬ್ಯಾಟರಿಯ ಚಾರ್ಜಿಂಗ್ ತೂತಿಗೆ ಒಂದು ರಬ್ಬರ್ ಮುಚ್ಚಳ ಇದೆ. ಅದರ ತುದಿ ಮಡಚಿಕೊಂಡು ಪಿನ್ನಿನ ಅಡಿಗೆ ಸಿಕ್ಕಿತ್ತು. ಪಿನ್ ಒಳಗೆ ಹೋದ ಹಾಗೆ ಕಾಣುತ್ತೆ, ಹೋಗಿಲ್ಲ. ಈ ಚಾರ್ಜರಿನಲ್ಲಿ ಹಸಿರಿಗೆ ಎರಡು ಅರ್ಥ: ಬ್ಯಾಟರಿ ತುಂಬಿದೆ ಅಂತಲೂ ಹೌದು, ನನಗೆ ಯಾವ ಬ್ಯಾಟರಿಯೂ ಸಿಕ್ಕಿಲ್ಲ ಅಂತಲೂ ಹೌದು. ಸಿಕ್ಕಿಸಿದ ತಕ್ಷಣ ಕೆಂಪು ಬಂತಾ ಅಂತ ನೋಡಬೇಕಿತ್ತು. ಆರು ತಿಂಗಳಿಂದ ನೋಡ್ತಿದ್ದವನು ಪುಳಿಯೋಗರೆ ಅವಸರಕ್ಕೆ ಅವತ್ತೇ ನೋಡಲಿಲ್ಲ.

ಚಾರ್ಜರು 2 ಆಂಪಿಯರ್. ಪೂರ್ತಿ ತುಂಬೋಕೆ ಐದು ಗಂಟೆಗೂ ಜಾಸ್ತಿ. ಅಂದರೆ ಹತ್ತರವರೆಗೆ ಮೇಲುಕೋಟೆಯೇ ಗತಿ. ಬೈದುಕೊಂಡು ಸ್ನಾನ ಮಾಡಿ ದೇವಸ್ಥಾನಕ್ಕೆ ಹೋದೆ. ಚಳಿಯಲ್ಲಿ ದೊನ್ನೆ ತುಂಬ ಹೊಗೆಯಾಡುವ ಪೊಂಗಲ್ ಕೈಗೆ ಬಂತು. ತುಪ್ಪ ದೊನ್ನೆಯ ಅಡಿಯಿಂದ ಸೋರಿ ಮೊಣಕೈವರೆಗೂ ಇಳೀತು. ನಾನು ಅಂದುಕೊಂಡ ಹೊತ್ತಿಗೆ ಹೊರಟಿದ್ದರೆ ಇದು ಸಿಗ್ತಿರಲಿಲ್ಲ. ರಾಯಗೋಪುರದ ಕಂಬಗಳ ಕೆಳಗೂ ಯಾರೂ ಇರಲಿಲ್ಲ, ಒಂದು ಆಡು ಬಿಟ್ಟರೆ.

ಹತ್ತು ಗಂಟೆಗೆ 40.3 ವೋಲ್ಟ್ ಇದ್ದಾಗ ಹೊರಟೆ. ಬೆಟ್ಟದಿಂದ ಇಳಿಯುವಾಗ ಮೋಟಾರು ಆಫ್. ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ, "ಇಳಿಜಾರಲ್ಲಿ ತಾನೇ ಚಾರ್ಜ್ ಆಗಲ್ವಾ?" ಆಗಲ್ಲ. ಈ ಥರದ ಹಬ್ ಮೋಟಾರಿನ ಒಳಗೆ ಗೇರು ಮತ್ತು ಫ್ರೀ ವೀಲ್ ಇದೆ. ಚಕ್ರ ತಿರುಗಿದರೂ ಮೋಟಾರು ಸುಮ್ನೆ ಕೂತಿರುತ್ತೆ. ಒಳ್ಳೆಯದೇನೆಂದರೆ ಆಫ್ ಆದಾಗ ಎಳೆತವೂ ಇಲ್ಲ. ಇಳಿಜಾರು ಬ್ಯಾಟರಿಗೆ ಏನೂ ಕೊಡಲ್ಲ, ಕೇಳೋದೂ ಇಲ್ಲ.

ಕೃಷ್ಣರಾಜಪೇಟೆ ಹತ್ತಿರ ಹೊಸಹೊಳಲಿಗೆ ಹೋಗಿ ಲಕ್ಷ್ಮೀನಾರಾಯಣ ಗುಡಿ ನೋಡಿದೆ. 1250ರ ಸುಮಾರಿನ ಹೊಯ್ಸಳ ಗುಡಿ, ಮೂರು ಗರ್ಭಗುಡಿ. ಹೊರಗೋಡೆ ಸುತ್ತ ರಾಮಾಯಣ, ಮಹಾಭಾರತದ ಪಟ್ಟಿ ಕೆತ್ತನೆ. ಬೇಲೂರು ಹಳೇಬೀಡಿನ ಜನಜಂಗುಳಿ ಇಲ್ಲ. ನಾನು ಆನೆ ಸಾಲು ನೋಡ್ತಿದ್ದರೆ ಹೊರಗೆ ನಾಲ್ಕು ಹುಡುಗರು ನನ್ನ ಸೈಕಲ್ ನೋಡ್ತಿದ್ದರು. ಒಬ್ಬನಿಗೆ ಒಂದು ರೌಂಡ್ ಕೊಟ್ಟೆ. ಉಳಿದ ಮೂವರಿಗೂ ಕೊಡಬೇಕಾಯ್ತು. ನಾಲ್ವರೂ ಐದನೇ ಹಂತದಲ್ಲೇ ಓಡಿಸಿದರು. ಒಟ್ಟು ಎರಡು ಕಿಲೋಮೀಟರ್ ಚಾರ್ಜು ಹೊಸಹೊಳಲಿನ ಖಾತೆಗೆ.

ಕೃಷ್ಣರಾಜಪೇಟೆಯಿಂದ ಕಿಕ್ಕೇರಿ ದಾರಿಯಲ್ಲಿ ಸುಗ್ಗಿ ರಸ್ತೆ ಮೇಲೇ ನಡೀತಿತ್ತು. ಈ ಕಾಲಕ್ಕೆ ಈ ಕಡೆ ಬಂದವರಿಗೆ ಗೊತ್ತು. ಹುರುಳಿ, ರಾಗಿ ತಂದು ಟಾರಿನ ಮೇಲೆ ಹರಡಿರುತ್ತಾರೆ, ಬಸ್ಸು ಕಾರು ಹತ್ತಿ ಹತ್ತಿ ಒಕ್ಕಣೆ ಆಗುತ್ತೆ. ಕಾರಿನವರು ಬೈಕೊಂಡು ಹೋಗ್ತಾರೆ. ಸೈಕಲ್ಲಿನವನು ಇಳಿದು ಪಕ್ಕದಲ್ಲಿ ನಡೀಬೇಕು. ನಾನು ಇಳಿಯಲಿಲ್ಲ. ಮೋಟಾರ್ ಇದೆಯಲ್ಲ ಅನ್ನೋ ಧಿಮಾಕು.

ಇಪ್ಪತ್ತು ಮೀಟರ್ ಹೋಗಿರಬಹುದು. ಒಣಗಿದ ಹುರುಳಿ ಬಳ್ಳಿ ಚೈನು, ಹಲ್ಲುಚಕ್ರ, ಹಬ್ ಎಲ್ಲಕ್ಕೂ ಸುತ್ತಿಕೊಂಡು ಸೈಕಲ್ ಗಪ್ಪಂತ ನಿಂತಿತು. ಬಿದ್ದೆ. ಬಿದ್ದದ್ದು ಹುರುಳಿ ಮೇಲೆ, ಹಾಗಾಗಿ ಏನೂ ಆಗಲಿಲ್ಲ, ಕಾಲರಿನೊಳಗೆ ಒಂದಿಷ್ಟು ಕಾಳು ಸೇರಿದ್ದು ಬಿಟ್ಟರೆ. ಬದುವಿನ ಮೇಲೆ ಕೂತಿದ್ದ ಅಜ್ಜಿ ಕುಡುಗೋಲು ಹಿಡಿದೇ ಎದ್ದು ಬಂದರು.

"ಅಯ್ಯೋ ಮಗಾ, ಪೆಟ್ಟಾಯ್ತೇನ್ಲಾ?"

"ಇಲ್ಲ ಅಜ್ಜಿ. ಕಾಳು ಚೆಲ್ಲಿಬಿಟ್ಟೆ."

"ಚೆಲ್ಲಕ್ಕೇ ಆಕಿರದು ಬುಡು." ಅಂತ ಕೂತು ಕುಡುಗೋಲಿನಿಂದ ಬಳ್ಳಿ ಕತ್ತರಿಸೋಕೆ ಶುರುಮಾಡಿದರು. ಒಂದು ಬಳ್ಳಿಯ ಜೊತೆ ಕರೀ ವೈರನ್ನೂ ಹಿಡಿದದ್ದು ನೋಡಿ "ಅಜ್ಜೀ, ವೈರು, ವೈರು!" ಅಂತ ಕಿರುಚಿದೆ. ಅದು ಮೋಟಾರಿನ ವೈರು. ಕತ್ತರಿಸಿರಲಿಲ್ಲ, ಆದರೆ ಬಳ್ಳಿ ಎಳೆದ ರಭಸಕ್ಕೆ ಅದರ ಜೋಡಣೆ ಕಳಚಿತ್ತು. ಎರಡು ತುದಿಯ ಮೇಲೂ ಸಣ್ಣ ಬಾಣದ ಗುರುತು ಇರುತ್ತೆ. ಬಾಣಕ್ಕೆ ಬಾಣ ಎದುರಾಗಿ ಹಿಡಿದು ನೇರ ಒತ್ತಬೇಕು, ತಿರುಚಬಾರದು, ತಿರುಚಿದರೆ ಒಳಗಿನ ಕೂದಲಿನಂಥ ಪಿನ್ನು ಬಗ್ಗಿಹೋಗುತ್ತೆ. ಬೆವರು ಕೈ ಒರೆಸಿಕೊಂಡು ಒತ್ತಿದೆ. ಟಕ್ ಅಂತು. ಪರದೆ ಬೆಳಗಿತು.

ಅಜ್ಜಿ ಅಷ್ಟೂ ಹೊತ್ತು ನೋಡ್ತಾ ಇದ್ದು ಕೇಳಿದರು. "ಕರೆಂಟ್ ಮುಗುದ್ರೆ ಏನ್ ಮಾಡೀಯೆ?"

"ತುಳೀತೀನಿ."

"ತುಳಿಯಕಾದ್ರೆ ಕರೆಂಟ್ ಯಾಕ್ಲಾ ಮತ್ತೆ?"

ಇದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ಮನೆ ರಸ್ತೆ ಪಕ್ಕದಲ್ಲೇ. ಊಟ ಮಾಡಿಕೊಂಡು ಹೋಗು ಅಂದರು, ಚಾರ್ಜರ್ ಹಾಕ್ಕೊಳ್ಳಲಾ ಅಂತ ಸಂಕೋಚದಿಂದ ಕೇಳಿದೆ. ಅವರ ಸೊಸೆ ಒಳಗಿಂದಲೇ ಹೇಳಿದರು, "ಹಾಕ್ಕಳಿ ಸಾರ್, ಗೃಹಜ್ಯೋತಿ ಬಂದ್ಮೇಲೆ ನಮ್ಗೆ ಬಿಲ್ಲೇ ಇಲ್ಲ." ನನ್ನ ಚಾರ್ಜರಿಗೆ ಮೂರು ಪಿನ್ನು, ಅವರ ಗೋಡೆಯಲ್ಲಿ ಎರಡು ತೂತು. ಬ್ಯಾಗಿನಲ್ಲಿದ್ದ 40 ರೂಪಾಯಿಯ ಕನ್ವರ್ಟರ್ ಪಿನ್ನು ಆವತ್ತು ಮಾನ ಉಳಿಸಿತು. ಚಾರ್ಜರ್ ಮರೆತರೂ ಅದನ್ನು ಮರೀಬೇಡಿ ಅನ್ನಬೇಕು ಅನಿಸ್ತಿದೆ, ಆದರೆ ಚಾರ್ಜರನ್ನೂ ಮರೀಬೇಡಿ. ಮುದ್ದೆ, ಉಪ್ಸಾರು, ಖಾರ. ಕೆಂಪು ದೀಪ ನೋಡಿಕೊಂಡೇ ಕೂತು ಉಂಡೆ. ಒಂದು ಗಂಟೆಗೆ ಸುಮಾರು ಹತ್ತು ಕಿಲೋಮೀಟರಿನಷ್ಟು ತುಂಬಿತು. ಅಂದರೆ ಎರಡನೇ ದಿನದ ಪರೀಕ್ಷೆ ಕೆಟ್ಟಿತು. ಅರ್ಧಕ್ಕೇ ನೀರು ಹಾಕಿದ ಕೊಡದಲ್ಲಿ ಎಷ್ಟು ಹಿಡಿಯುತ್ತೆ ಅಂತ ಅಳೆಯೋಕಾಗಲ್ಲ.

ಕಿಕ್ಕೇರಿ ಕೆರೆ ಹತ್ತಿರ ಬ್ರಹ್ಮೇಶ್ವರ ಗುಡಿಯಲ್ಲಿ ಸ್ವಲ್ಪ ಹೊತ್ತು ನಿಂತೆ. ಶ್ರವಣಬೆಳಗೊಳದ ಬೆಟ್ಟ ದೂರದಿಂದಲೇ ಕಾಣಿಸುತ್ತೆ, ಹತ್ತಿರ ಮಾತ್ರ ಬೇಗ ಬರಲ್ಲ. ಐದೂಮುಕ್ಕಾಲಿಗೆ ತಲುಪಿದೆ, 34.8 ವೋಲ್ಟ್ ಉಳಿದಿತ್ತು. ಓಡಿ ಊಟಕ್ಕೆ ಹೋದೆ. ಜೈನ ಭೋಜನಾಲಯಗಳಲ್ಲಿ ಸೂರ್ಯ ಮುಳುಗುವ ಮೊದಲೇ ಊಟ ಮುಗಿಸ್ತಾರೆ, ತಡ ಆದರೆ ಬಾಳೆಹಣ್ಣೇ ಗತಿ. ಕೊನೆಯ ಪಂಕ್ತಿಯಲ್ಲಿ ಜಾಗ ಸಿಕ್ಕಿತು. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಬೇಳೆ ಸಾರು ಅಷ್ಟು ರುಚಿ ಇರಬಹುದು ಅಂತ ಹಸಿವೇ ಹೇಳಿಕೊಡಬೇಕು.

ಮೂರನೇ ದಿನ: ಒಂದನೇ ಹಂತದಲ್ಲೇ ಮೈಸೂರಿಗೆ

ಬೆಳಿಗ್ಗೆ ವಿಂಧ್ಯಗಿರಿ. ಸುಮಾರು 650 ಮೆಟ್ಟಿಲು, ಬರಿಗಾಲು, ಬಂಡೆ ಮಂಜುಗಡ್ಡೆಯ ಹಾಗೆ. ಚಳಿ ಕಾಲಿನಿಂದ ಹಲ್ಲಿನವರೆಗೂ ಹತ್ತಿತು. ಚಾವುಂಡರಾಯ 981ರಲ್ಲಿ ನಿಲ್ಲಿಸಿದ 57 ಅಡಿಯ ಒಂದೇ ಕಲ್ಲಿನ ಮೂರ್ತಿ. ಬೆಳಗಿನ ಬಿಸಿಲು ಮೊದಲು ಗುಂಗುರು ಕೂದಲಿಗೆ, ಆಮೇಲೆ ಮುಖಕ್ಕೆ ಇಳಿಯುವುದನ್ನು ನೋಡ್ತಾ ನಿಂತೆ. ಮಹಾಮಸ್ತಕಾಭಿಷೇಕ 12 ವರ್ಷಕ್ಕೊಮ್ಮೆ, ಹಿಂದಿನದು 2018ರಲ್ಲಿ ಆಯ್ತು. ಇಳಿಯುವಾಗ ತಲೆಯಲ್ಲಿ ಮತ್ತೆ ಅದೇ ಲೆಕ್ಕ. ಬೆಟ್ಟ ನೆಲದಿಂದ 470 ಅಡಿ ಎತ್ತರ, ನನ್ನ ತೂಕ 78. ನನ್ನನ್ನು ಮೇಲೆ ಹತ್ತಿಸಿದ ಕೆಲಸ ಬರೀ 30 ವ್ಯಾಟ್ ಅವರ್. ಅಷ್ಟಕ್ಕೇ ತೊಡೆ ನಡುಗ್ತಿತ್ತು. ಮೊದಲ ದಿನ ಬ್ಯಾಟರಿಗೆ ಬೈದಿದ್ದು ಸರಿಯಲ್ಲ ಅನಿಸಿತು.

ಒಂಬತ್ತಕ್ಕೆ 41.9 ವೋಲ್ಟಿನೊಂದಿಗೆ ಹೊರಟೆ. ಮೈಸೂರಿಗೆ 83 ಕಿ.ಮೀ. ಈ ಸಲ ಒಂದೇ ಚಾರ್ಜು, ಒಂದನೇ ಹಂತ, ಇಳಿಜಾರಿನಲ್ಲಿ ಆಫ್. ಹೊರಡುವಾಗ ಗೇರು ಸಣ್ಣದಕ್ಕೆ ಇಳಿಸಿ, ಮೊದಲು ನಾನು ತುಳಿದು, ಚಕ್ರ ಉರುಳಿದ ಮೇಲೆ ಮೋಟಾರು. ನಿಂತಲ್ಲಿಂದ ಎಳೆಯುವಾಗಲೇ ಜಾಸ್ತಿ ಕರೆಂಟು ಹೋಗೋದು. ವೇಗ 16, 17. ಬಸ್ಸಿನವರಿಗೆ ನಾನೊಂದು ಸಾಮಾನ್ಯ ಸೈಕಲ್. ಅಜ್ಜಿ ಮನೆ ಮುಂದೆ ಹುರುಳಿ ಇನ್ನೂ ಇತ್ತು. ಇಳಿದು ತಳ್ಳಿಕೊಂಡು ಹೋದೆ. ಅವರು ಕಾಣಲಿಲ್ಲ, ಸೊಸೆ ಕೈ ಬೀಸಿದರು.

ಕೃಷ್ಣರಾಜಪೇಟೆ ದಾಟಿದ ಮೇಲೆ ಎದುರಿಂದ ಮೂಡಲ ಗಾಳಿ. ಕಣ್ಣಿಗೆ ಕಾಣುವ ಏರಿಗಾದರೂ ಒಂದು ತುದಿ ಇರುತ್ತೆ, ಗಾಳಿಗೆ ಅದೂ ಇಲ್ಲ. ತಲೆ ತಗ್ಗಿಸಿ, ಮೊಣಕೈ ಮಡಚಿ, ಎಳನೀರಿನ ಗಾಡಿ ಕಂಡಲ್ಲೆಲ್ಲ ನಿಂತು ಹೋದೆ. ಆದರೂ 40ನೇ ಕಿಲೋಮೀಟರಿನಲ್ಲಿ 37.9 ಇತ್ತು. ಮೊದಲ ದಿನ 25ಕ್ಕೇ ಇದಕ್ಕಿಂತ ಕೆಳಗೆ ಇಳಿದಿತ್ತು.

ಚಿನಕುರಳಿ ಹತ್ತಿರ ಹಿಂದಿನ ಚಕ್ರ ಮೆತ್ತಗಾಯ್ತು. ಜಾಲಿ ಮುಳ್ಳು. ಹಿಂದಿನ ಚಕ್ರ ಅಂದರೆ ಮೋಟಾರಿನ ಚಕ್ರ, ನಾನು ಹೆದರುತ್ತಿದ್ದದ್ದೇ ಅದಕ್ಕೆ. ನಟ್ಟು ಬಿಚ್ಚೋಕೆ 18ರ ಸ್ಪ್ಯಾನರ್ ಇಟ್ಟುಕೊಂಡಿದ್ದೆ, ಬಿಚ್ಚಿ ಮತ್ತೆ ಸರಿಯಾಗಿ ಕೂರಿಸುವ ಧೈರ್ಯ ಇಟ್ಟುಕೊಂಡಿರಲಿಲ್ಲ. ಪಂಕ್ಚರ್ ಅಂಗಡಿಯವರು ವಯಸ್ಸಾದವರು, ಬೀಡಿ ಆರಿಸಿ ಚಕ್ರ, ವೈರು ನೋಡಿದರು. "ಇದ ಬಿಚ್ಚಿ ಯಾರ್ ಸಾಯ್ತಾರೆ" ಅಂದರು. ನನ್ನ ಎದೆ ಕುಸಿಯಿತು. ಅವರು ಸೈಕಲನ್ನು ಮಲಗಿಸಿ, ಚಕ್ರ ಬಿಚ್ಚದೆಯೇ, ಎರಡು ಲಿವರ್ ಹಾಕಿ ಟೈರಿನ ಒಂದು ಅಂಚು ಮಾತ್ರ ಹೊರಗೆ ಎಳೆದರು. ಒಳಗಿನ ಟ್ಯೂಬನ್ನು ಕೋಳಿ ಕರುಳಿನ ಹಾಗೆ ಈಚೆಗೆ ತೆಗೆದು, ಗಾಳಿ ಹೊಡೆದು, ಬಾಂಡ್ಲಿ ನೀರನ್ನು ಕೈಯಲ್ಲಿ ಎರಚಿ ಎರಚಿ ಗುಳ್ಳೆ ಹುಡುಕಿದರು. ಉಜ್ಜಿದರು, ಸಲ್ಯೂಷನ್ ಹಚ್ಚಿದರು, ಊದಿದರು, ಪ್ಯಾಚ್ ಇಟ್ಟು ಸುತ್ತಿಗೆ ಹಿಡಿಯಿಂದ ಒತ್ತಿದರು. ಆಮೇಲೆ ಟೈರಿನ ಒಳಗೆ ಬೆರಳು ಸುತ್ತಾಡಿಸಿ ಮುಳ್ಳಿನ ಮುರಿದ ತುದಿ ಹುಡುಕಿ ನನ್ನ ಅಂಗೈಯಲ್ಲಿಟ್ಟರು. ಅದನ್ನು ತೆಗೆಯದೆ ಹೋಗಿದ್ದರೆ ಒಂದು ಕಿಲೋಮೀಟರಿಗೆ ಮತ್ತೆ ಪಂಕ್ಚರ್. ಇಪ್ಪತ್ತು ನಿಮಿಷ, ವೈರು ಮುಟ್ಟಲೇ ಇಲ್ಲ. 18ರ ಸ್ಪ್ಯಾನರನ್ನು ನಾನು ಸದ್ದಿಲ್ಲದೆ ಬ್ಯಾಗಿನ ತಳಕ್ಕೆ ತಳ್ಳಿದೆ.

ಪಾಂಡವಪುರದಲ್ಲಿ ಟೀ, ಶ್ರೀರಂಗಪಟ್ಟಣದಲ್ಲಿ ಇನ್ನೊಂದು ಟೀ. ಮಂಜಿಲ್ಲದ ಕಾವೇರಿ ಈ ಸಲ ಕಾಣಿಸಿತು. 34.2 ವೋಲ್ಟ್, ಇನ್ನು 16 ಕಿಲೋಮೀಟರ್. ಹೋಗಬಹುದು ಅನಿಸಿತು. ಸರ್ವಿಸ್ ರೋಡಿನ ಪ್ರತಿ ಉಬ್ಬಿನ ಮುಂಚೆ ಮೋಟಾರು ಆಫ್ ಮಾಡಿ, ದಾಟಿದ ಮೇಲೆ ಆನ್ ಮಾಡಿ, ಜಿಪುಣನ ಹಾಗೆ ಒಂದೊಂದು ಪೈಸೆ ಎಣಿಸಿ ಖರ್ಚು ಮಾಡಿದೆ.

ಸಿದ್ದಲಿಂಗಪುರದ ಹತ್ತಿರ ಮುಗಿಯಿತು. 77.4.

ಒಂದೇ ಸೈಕಲ್, ಒಂದೇ ಬ್ಯಾಟರಿ. ಒಂದು ದಿನ 49.8, ಇನ್ನೊಂದು ದಿನ 77.4. ಡಬ್ಬದ 60ಕ್ಕೆ ಎರಡೂ ಹೊಂದಲ್ಲ. ಶ್ರವಣಬೆಳಗೊಳ ಮೈಸೂರಿಗಿಂತ ಸುಮಾರು 100 ಮೀಟರ್ ಎತ್ತರದಲ್ಲಿದೆ, ಆ ಇಳಿಜಾರಿನ ಪಾಲೂ ಇದರಲ್ಲಿದೆ, ಸುಳ್ಳು ಹೇಳಬಾರದು. ಆದರೆ ದೊಡ್ಡ ಪಾಲು ಆ ಒಂದನೇ ಹಂತದ್ದು, ಅಂದರೆ ನನ್ನ ಕಾಲಿನದು.

ನಿಂತಲ್ಲಿ ಒಂದು ಬೇಕರಿ. ಅಂಗಡಿ ಹುಡುಗ ನೋಡಿ, "ಚಾರ್ಜ್ ಹಾಕ್ತೀರಾ ಸಾರ್? ಪಾಯಿಂಟ್ ಇದೆ" ಅಂದ. ಬ್ಯಾಗಿನಿಂದ ಚಾರ್ಜರ್ ಅರ್ಧ ಈಚೆಗೆ ತೆಗೆದೆ. ಮತ್ತೆ ಒಳಗಿಟ್ಟು, ಒಂದು ಬನ್ನು ತಿಂದು, ಉಳಿದ ಆರು ಕಿಲೋಮೀಟರನ್ನು ತುಳಿದೇ ಹೋದೆ. ಮೈಸೂರು ಸೇರುವಾಗ ಕತ್ತಲಾಗಿತ್ತು.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಇದ್ದಳು. "ತಳ್ಕೊಂಡ್ ಬಂದ್ರಾ?" ಇಲ್ಲ, ತುಳ್ಕೊಂಡ್ ಬಂದೆ ಅಂದೆ. ಬ್ಯಾಗಿಗೆ ಕಟ್ಟಿದ್ದ ಕಬ್ಬು ಮೂರು ದಿನ ಒಣಗಿ ಕಟ್ಟಿಗೆಯಾಗಿತ್ತು. ಸ್ನಾನ, ಊಟ ಎಲ್ಲ ಆದ ಮೇಲೆ ಚಾರ್ಜರ್ ಸಿಕ್ಕಿಸಿದೆ. ರಬ್ಬರ್ ಮುಚ್ಚಳ ಬೆರಳಲ್ಲಿ ಸರಿಸಿ ಹಿಡಿದು, ಕೆಂಪು ದೀಪ ಬಂತಾ ಅಂತ ನೋಡಿದೆ. ಬಂದಿತ್ತು. ಮಲಗುವ ಮುಂಚೆ ಎದ್ದು ಹೋಗಿ ಇನ್ನೊಂದು ಸಲ ನೋಡಿದೆ.